ಬಿಲ್ಲಿಂಗ್ ಕೌಂಟರ್‌ನ ಎಪಿಐಗೆ ಡಾಕ್ಯುಮೆಂಟೇಶನ್: ಎಲ್ಲಿಂದ ಶುರು ಮಾಡೋದು?

ಒಂದು ಸೋಪಿನ ಬಿಲ್ಲು ಲಕ್ಷಾಂತರ ಕೋಟಿ ರೂಪಾಯಿ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ಯಾಷಿಯರ್ ಹುಡುಗ ಸೋಪು ಸ್ಕ್ಯಾನ್ ಮಾಡಿದ. ಗಿರಾಕಿ ‘ಇನ್ನೆರಡು ಹಾಕಪ್ಪ’ ಅಂದರು. ಅವನು ಕರ್ಸರನ್ನು ಕ್ವಾಂಟಿಟಿ ಕಾಲಂಗೆ ತಂದ. ಅಷ್ಟರಲ್ಲಿ ಯಾರೋ ಬಿಸ್ಕತ್ ಪ್ಯಾಕ್ ಮುಂದೆ ಹಿಡಿದರು, ಅದನ್ನೂ ಸ್ಕ್ಯಾನ್ ಮಾಡಿಬಿಟ್ಟ. ಕಂಪ್ಯೂಟರ್ ಪಾಲಿಗೆ ಸ್ಕ್ಯಾನರ್ ಅಂದರೆ ಇನ್ನೊಂದು ಕೀಬೋರ್ಡ್ ಅಷ್ಟೇ. ಕರ್ಸರ್ ಎಲ್ಲಿದೆಯೋ ಅಲ್ಲಿ 13 ಅಂಕಿ ಟೈಪ್ ಮಾಡಿ ಎಂಟರ್ ಒತ್ತುತ್ತದೆ. ಬಿಸ್ಕತ್ತಿನ ಬಾರ್‌ಕೋಡ್ ಸೋಪಿನ ಕ್ವಾಂಟಿಟಿ ಆಯಿತು.

ಆ ಕೌಂಟರ್ ಸ್ಕ್ರೀನ್ ಬರೆದ ಡೆವಲಪರ್ ಮರುದಿನ ನಮಗೆ ಫೋನ್ ಮಾಡಿದರು. ‘ನಿಮ್ಮ ಎಪಿಐ ಇದನ್ನು ಹೇಗೆ ಒಪ್ಪಿಕೊಂಡಿತು?’ ಎಪಿಐ ಅಂದರೆ ಬೇರೆಯವರ ಪ್ರೋಗ್ರಾಂ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿ. ಅದನ್ನು ಬಳಸುವುದು ಹೇಗೆ ಎಂದು ಹೇಳುವ ಡಾಕ್ಯುಮೆಂಟ್ ತೆಗೆದು ನೋಡಿದೆ. ನಾನೇ ಬರೆದಿದ್ದು. ‘ಕ್ವಾಂಟಿಟಿ: ಸಂಖ್ಯೆ, ಕಡ್ಡಾಯ’ ಎಂದಿತ್ತು. ತಪ್ಪೇನಿಲ್ಲ, ಆದರೆ ಅದರಿಂದ ಯಾರಿಗೂ ಉಪಯೋಗವೂ ಇಲ್ಲ. ಗರಿಷ್ಠ ಎಷ್ಟು, ಸ್ಕ್ಯಾನರ್ ಹೀಗೆ ಕೈಕೊಟ್ಟರೆ ಏನಾಗುತ್ತದೆ ಎಂದು ಒಂದು ಸಾಲೂ ಇರಲಿಲ್ಲ. ಕೋಡ್ ನೋಡಿಕೊಂಡು ಬರೆದಿದ್ದೆ, ಕೌಂಟರ್ ನೋಡಿರಲಿಲ್ಲ.

ಅವತ್ತಿನಿಂದ ನನ್ನ ಡಾಕ್ಯುಮೆಂಟೇಶನ್ ಪ್ಲಾನ್‌ನ ಮೊದಲ ಕೆಲಸ ಬದಲಾಯಿತು.

ಮೊದಲು ಒಂದು ದಿನ ಕೌಂಟರ್ ಹತ್ತಿರ ನಿಲ್ಲಿ

ಶನಿವಾರ ಸಂಜೆ ಅಥವಾ ತಿಂಗಳ ಮೊದಲ ಭಾನುವಾರ ಒಳ್ಳೆಯದು. ಅಂಗಡಿಯವರಿಗೆ ಮೊದಲೇ ಹೇಳಿ, ಒಂದು ನೋಟ್‌ಬುಕ್ ಹಿಡಿದು ಕ್ಯಾಷಿಯರ್ ಹಿಂದೆ ನಿಲ್ಲಿ. ಸಾಫ್ಟ್‌ವೇರ್ ಬಗ್ಗೆ ಏನೂ ಬರೆಯಬೇಡಿ. ಏನೇನು ನಡೆಯಿತು ಅನ್ನೋದನ್ನು ಮಾತ್ರ ಬರೆಯಿರಿ.

ಒಬ್ಬರು ಬಿಲ್ ಅರ್ಧ ಆದಮೇಲೆ ‘ಮೊಸರು ಮರೆತೆ’ ಎಂದು ಓಡುತ್ತಾರೆ. ಬಿಲ್ ಹೋಲ್ಡ್ ಮಾಡಬೇಕು. ಇನ್ನೊಬ್ಬರು ₹500 ನಗದು, ಉಳಿದದ್ದು ಫೋನ್‌ನಲ್ಲಿ ಎನ್ನುತ್ತಾರೆ. ಮತ್ತೊಬ್ಬರು ನಿನ್ನೆಯ ಎಣ್ಣೆ ಪ್ಯಾಕೆಟ್ ಸೋರುತ್ತಿದೆ ಎಂದು ವಾಪಸ್ ತರುತ್ತಾರೆ, ಬಿಲ್ ತಂದಿರುವುದಿಲ್ಲ. ಕರೆಂಟ್ ಹೋಗುತ್ತದೆ. ಪ್ರಿಂಟರ್‌ನಲ್ಲಿ ರೋಲ್ ಮುಗಿಯುತ್ತದೆ, ಅದೂ ಬಿಲ್ಲಿನ ನಡುವೆ. ಬೀದಿಯ ಖಾಯಂ ಗಿರಾಕಿ ‘ಬರೆದಿಟ್ಟುಕೊಳ್ಳಿ’ ಎಂದು ಹೋಗುತ್ತಾರೆ.

ಈ ಪಟ್ಟಿಯೇ ನಿಮ್ಮ ಡಾಕ್ಯುಮೆಂಟೇಶನ್‌ನ ವಿಷಯಸೂಚಿ. ಸುಮ್ನೆ ಹೇಳ್ತಿಲ್ಲ. ಎಪಿಐನ ಎಂಡ್‌ಪಾಯಿಂಟ್‌ಗಳನ್ನು (ಒಂದೊಂದು ಕೆಲಸಕ್ಕೆ ಇರುವ ವಿಳಾಸಗಳನ್ನು) ಅಕಾರಾದಿಯಲ್ಲಿ ಜೋಡಿಸಿ ಪುಟ ಮಾಡಿದರೆ ಅದು ಒಳಗಿನವರಿಗೆ ಮಾತ್ರ ಅರ್ಥವಾಗುತ್ತದೆ. ‘ಬಿಲ್ ಹೋಲ್ಡ್ ಮಾಡುವುದು’, ‘ಎರಡು ಬಗೆಯ ಪಾವತಿ’, ‘ಬಿಲ್ ಇಲ್ಲದ ವಾಪಸ್’ ಎಂದು ಪುಟಗಳಿದ್ದರೆ ಹೊಸಬರೂ ತಮಗೆ ಬೇಕಾದ್ದನ್ನು ಹುಡುಕಿಕೊಳ್ಳುತ್ತಾರೆ.

ಓದುವವರು ಯಾರು?

‘ಡೆವಲಪರ್’ ಎಂದುಬಿಟ್ಟರೆ ಸಾಲದು. ನನ್ನ ಅನುಭವದಲ್ಲಿ ಮೂರು ಥರದವರು ಬರುತ್ತಾರೆ. ಅಂಗಡಿಯ ಆನ್‌ಲೈನ್ ಆರ್ಡರ್ ಅಥವಾ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ನಮ್ಮ ಸಾಫ್ಟ್‌ವೇರ್ ಜೋಡಿಸುವವರು. ಪ್ರಿಂಟರ್, ತೂಕದ ಯಂತ್ರ ಕೂರಿಸಿಕೊಡುವ ಟೆಕ್ನಿಷಿಯನ್. ಮೂರನೆಯವರು ನಮ್ಮದೇ ಸಪೋರ್ಟ್‌ನವರು. ಇವರು ಕೋಡ್ ಬರೆಯುವುದಿಲ್ಲ, ಆದರೆ ಫೋನ್ ಕಿವಿಗಿಟ್ಟುಕೊಂಡು ಡಾಕ್ಯುಮೆಂಟ್‌ನಲ್ಲಿ ಎರರ್ ನಂಬರ್ ಹುಡುಕುತ್ತಾರೆ. ಎಲ್ಲರಿಗಿಂತ ಜಾಸ್ತಿ ಸಲ ಅದನ್ನು ತೆರೆಯುವವರು ಇವರೇ. ಪ್ಲಾನ್‌ನಲ್ಲಿ ಪ್ರತಿ ಪುಟದ ಮುಂದೆ ಅದು ಈ ಮೂವರಲ್ಲಿ ಯಾರಿಗೆ ಎಂದು ಬರೆದಿಡಿ. ಯಾರಿಗೆ ಎಂದು ಹೇಳಲಾಗದ ಪುಟ ಬೇಡ.

ಒಂದು ವಸ್ತುವಿಗೆ ಒಂದೇ ಹೆಸರು

ನಮ್ಮ ಹಳೆಯ ಡಾಕ್ಯುಮೆಂಟ್‌ನಲ್ಲಿ ಒಂದೇ ವಸ್ತುವಿಗೆ ಬಿಲ್, ಇನ್‌ವಾಯ್ಸ್, ಆರ್ಡರ್, ಟ್ರಾನ್ಸಾಕ್ಷನ್, ಸೇಲ್ ಎಂಬ ಐದು ಹೆಸರುಗಳಿದ್ದವು. ಐದು ಜನ ಡೆವಲಪರ್‌ಗಳು ಐದು ವರ್ಷದಲ್ಲಿ ಕೊಟ್ಟ ಹೆಸರುಗಳು. ಓದಿದವರು ಇವು ಐದು ಬೇರೆ ಬೇರೆ ವಸ್ತು ಅಂದುಕೊಂಡರೆ ಅವರ ತಪ್ಪೇನು?

ಅದಕ್ಕಿಂತ ಅಪಾಯ ‘ಕ್ಯಾನ್ಸಲ್’ ಎಂಬ ಪದ. ಕೌಂಟರ್‌ನಲ್ಲಿ ಇದಕ್ಕೆ ಕನಿಷ್ಠ ಮೂರು ಅರ್ಥ. ದುಡ್ಡು ಕೊಡುವ ಮೊದಲೇ ಬಿಲ್ ಅಳಿಸುವುದು, ಆಗಿಹೋದ ಬಿಲ್ಲನ್ನು ಅದೇ ದಿನ ರದ್ದು ಮಾಡುವುದು, ಸಾಮಾನು ವಾಪಸ್ ತಗೊಂಡು ದುಡ್ಡು ಕೊಡುವುದು. ಮೊದಲನೆಯದರಲ್ಲಿ ಜಿಎಸ್‌ಟಿ ಲೆಕ್ಕಕ್ಕೆ ಏನೂ ಹೋಗುವುದಿಲ್ಲ, ಮೂರನೆಯದರಲ್ಲಿ ಕ್ರೆಡಿಟ್ ನೋಟ್ (ಮೂಲ ಬಿಲ್ಲಿನಿಂದ ಹಣ ಕಡಿಮೆ ಮಾಡಿದ್ದಕ್ಕೆ ಕೊಡುವ ಚೀಟಿ) ಬೇಕು. ಪದಪಟ್ಟಿಯನ್ನು ಕೊನೆಗೆ ಬರೆಯೋಣ ಎಂದು ತಳ್ಳಬೇಡಿ. ಮೊದಲ ವಾರವೇ ಬರೆಯಿರಿ, ಡೆವಲಪರ್‌ಗಳನ್ನು ಕೂರಿಸಿಕೊಂಡು ಜಗಳ ಆಡಿ ಮುಗಿಸಿ. ಪ್ರತಿ ಪದದ ಪಕ್ಕ ಕ್ಯಾಷಿಯರ್ ಅದಕ್ಕೆ ಏನನ್ನುತ್ತಾರೆ ಅನ್ನೋದನ್ನೂ ಹಾಕಿ. ‘ಗಲ್ಲಾ ಓಪನ್ ಆಗ್ತಿಲ್ಲ’ ಎಂದು ಫೋನ್ ಬಂದಾಗ ಸಪೋರ್ಟ್‌ನವರು ‘ಕ್ಯಾಷ್ ಡ್ರಾಯರ್’ ಪುಟಕ್ಕೆ ಹೋಗಬೇಕಲ್ವಾ?

ಮೊದಲ ಪುಟದಲ್ಲಿ ಮೊದಲ ಬಿಲ್

ಹೊಸ ಡೆವಲಪರ್ ಅರ್ಧ ಗಂಟೆಯಲ್ಲಿ ಒಂದು ಸುಳ್ಳು ಬಿಲ್ ಮಾಡಿ ನೋಡುವಂತಿರಬೇಕು. ಟೆಸ್ಟ್ ಅಂಗಡಿ, ಅದರಲ್ಲಿ ಹತ್ತು ಸಾಮಾನು, ಎಪಿಐ ಬಳಸಲು ಬೇಕಾದ ಗುಪ್ತ ಸಂಕೇತ ಅಂದರೆ ಒಂದು ಕೀ. ಅಷ್ಟು ಸಾಕು. ಆದರೆ ಆ ಹತ್ತು ಸಾಮಾನು ‘ಐಟಂ 1’, ‘ಐಟಂ 2’ ಆಗದಿರಲಿ. ಒಂದು ಸೋಪು, ತೂಕ ಮಾಡುವ ಬೆಂಡೆಕಾಯಿ, ತೆರಿಗೆ ಇಲ್ಲದ ಹಾಲು, ಎರಡು ಎಂಆರ್‌ಪಿ ಇರುವ ಟೂತ್‌ಪೇಸ್ಟ್ ಇರಲಿ. ಮುಂದೆ ಬರುವ ಎಲ್ಲ ಉದಾಹರಣೆಗಳಿಗೂ ಇವೇ ಸಾಮಾನು ಬಳಸಿ.

ಹಣ ಮತ್ತು ತೆರಿಗೆ: ಇಲ್ಲಿ ಅವಸರ ಬೇಡ

ಪ್ಲಾನ್‌ನಲ್ಲಿ ಜಾಸ್ತಿ ಸಮಯ ಈ ಪುಟಕ್ಕೆ ಇಡಿ. ಕಾರಣ ಒಂದು ಪೈಸೆ.

ನಮ್ಮಲ್ಲಿ ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆಯೂ ಸೇರಿರುತ್ತದೆ. ಹಾಗಾಗಿ ತೆರಿಗೆಯನ್ನು ಹಿಂದಕ್ಕೆ ಲೆಕ್ಕ ಹಾಕಿ ಬಿಡಿಸಬೇಕು. ₹40ರ ಸೋಪು, 5% ಜಿಎಸ್‌ಟಿ ಅಂದುಕೊಳ್ಳಿ. 40 ಭಾಗಿಸು 1.05. ತೆರಿಗೆ ಬಿಟ್ಟ ಬೆಲೆ ₹38.10, ತೆರಿಗೆ ₹1.90. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು: ಸಿಜಿಎಸ್‌ಟಿ 95 ಪೈಸೆ, ಎಸ್‌ಜಿಎಸ್‌ಟಿ 95 ಪೈಸೆ. ಚೆನ್ನಾಗಿದೆ.

ಈಗ ಅದೇ ಸೋಪು ಮೂರು. ಒಂದೊಂದಕ್ಕೆ ಲೆಕ್ಕ ಹಾಕಿ ಕೂಡಿಸಿದರೆ ಬೆಲೆ ₹114.30, ತೆರಿಗೆ ₹5.70. ಮೂರನ್ನೂ ಒಟ್ಟಿಗೆ ₹120 ಎಂದು ತಗೊಂಡು ಬಿಡಿಸಿದರೆ ಬೆಲೆ ₹114.29, ತೆರಿಗೆ ₹5.71. ಇನ್ನು ₹114.29ಕ್ಕೆ 2.5% ಸಿಜಿಎಸ್‌ಟಿ, 2.5% ಎಸ್‌ಜಿಎಸ್‌ಟಿ ಬೇರೆ ಬೇರೆ ಹಾಕಿದರೆ ₹2.86, ₹2.86. ಒಟ್ಟು ₹120.01. ಎಂಆರ್‌ಪಿಗಿಂತ ಒಂದು ಪೈಸೆ ಜಾಸ್ತಿ ತಗೊಂಡ ಹಾಗಾಯಿತು!

ನಿಮ್ಮ ಸಾಫ್ಟ್‌ವೇರ್ ಈ ಮೂರರಲ್ಲಿ ಯಾವ ದಾರಿ ಹಿಡಿಯುತ್ತದೆ ಎಂದು ಬರೆಯದಿದ್ದರೆ, ಜೋಡಿಸುವವರು ತಮಗೆ ತೋಚಿದ ದಾರಿ ಹಿಡಿಯುತ್ತಾರೆ. ದಿನಕ್ಕೆ ಆರುನೂರು ಬಿಲ್ ಆಗುವ ಅಂಗಡಿಯಲ್ಲಿ ಸಂಜೆ ಡೇ ಎಂಡ್ ಲೆಕ್ಕಕ್ಕೂ ಟ್ಯಾಲಿಗೂ ಮೂರ್ನಾಲ್ಕು ರೂಪಾಯಿ ವ್ಯತ್ಯಾಸ ಬರುತ್ತದೆ. ಆ ಮೂರು ರೂಪಾಯಿ ಹುಡುಕಲು ಅಕೌಂಟೆಂಟ್ ಮೂರು ದಿನ ಕೂರುತ್ತಾರೆ. ಮೇಲಿನಂಥ ಲೆಕ್ಕವನ್ನು ಇದ್ದ ಹಾಗೇ ಪುಟದಲ್ಲಿ ಹಾಕಿ, ನಿಯಮವನ್ನು ಒಂದೇ ಸಾಲಿನಲ್ಲಿ ಹೇಳಿ. ಬಿಲ್ಲಿನ ಕೊನೆಯಲ್ಲಿ ರೂಪಾಯಿಗೆ ಸರಿಮಾಡುವ ‘ರೌಂಡ್ ಆಫ್’ ಸಾಲು ಬೇರೆ ಫೀಲ್ಡ್ (ಮಾಹಿತಿಯ ಬೇರೆ ಖಾನೆ) ಎಂದೂ ಹೇಳಿ.

ಹಣವನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಕಳಿಸಿ ಎನ್ನುವುದು ಹಳೆಯ ಬುದ್ಧಿವಾದ. ₹40 ಅಂದರೆ 4000. ದಶಾಂಶ ಬಳಸಿದರೆ ಕಂಪ್ಯೂಟರ್‌ನಲ್ಲಿ 0.1 ಮತ್ತು 0.2 ಕೂಡಿಸಿದಾಗ 0.30000000000000004 ಬರುತ್ತದೆ ಅನ್ನೋದು ಡೆವಲಪರ್‌ಗಳಿಗೆ ಗೊತ್ತಿದೆ. ಗೊತ್ತಿದ್ದೂ ಮರೆಯುತ್ತಾರೆ, ಅದಕ್ಕೇ ಬರೆಯಿರಿ.

ತೆರಿಗೆ ದರಕ್ಕೆ ತಾರೀಖು ಅಂಟಿಕೊಂಡಿರುತ್ತದೆ, ಇದೂ ಪುಟದಲ್ಲಿರಲಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಟೂತ್‌ಪೇಸ್ಟ್, ಶಾಂಪೂ, ಸೋಪು 18%ನಿಂದ 5%ಗೆ ಇಳಿದವು. 20ನೇ ತಾರೀಖು ಕೊಂಡ ಟೂತ್‌ಪೇಸ್ಟನ್ನು 25ಕ್ಕೆ ವಾಪಸ್ ತಂದರೆ ಯಾವ ದರ? ಮೂಲ ಬಿಲ್ಲಿನ ದರವೇ, 18%. ವಾಪಸ್‌ಗೆ ಎಪಿಐಯನ್ನು ಕರೆಯುವಾಗ ಹಳೆಯ ಬಿಲ್ ನಂಬರ್ ಯಾಕೆ ಕಡ್ಡಾಯ ಎಂದು ಹೊಸ ಡೆವಲಪರ್ ಕೇಳಿದರೆ ಈ ಒಂದು ಉದಾಹರಣೆ ತೋರಿಸಿದರೆ ಮುಗಿಯಿತು.

ಬಾರ್‌ಕೋಡ್: ಒಂದೇ ಗೆರೆ, ಎರಡು ಬೆಲೆ

ಬಾರ್‌ಕೋಡ್ ಅಂದರೆ ಸಾಮಾನಿನ ಗುರುತು, ಅದರಿಂದ ಬೆಲೆ ಸಿಗುತ್ತದೆ ಎಂದುಕೊಂಡು ಬರುವವರು ಜಾಸ್ತಿ. ನಮ್ಮ ಅಂಗಡಿಗಳಲ್ಲಿ ಇದು ನಡೆಯುವುದಿಲ್ಲ. ಕಂಪನಿ ಬೆಲೆ ಏರಿಸುತ್ತದೆ, ಬಾರ್‌ಕೋಡ್ ಅದೇ ಇರುತ್ತದೆ. ಕಪಾಟಿನಲ್ಲಿ ₹95ರ ಹಳೇ ಸ್ಟಾಕ್, ₹99ರ ಹೊಸ ಸ್ಟಾಕ್ ಪಕ್ಕಪಕ್ಕ ಕೂತಿರುತ್ತವೆ. ಸ್ಕ್ಯಾನ್ ಮಾಡಿದಾಗ ಎರಡು ಬೆಲೆ ತೋರಿಸಿ ‘ಯಾವುದು?’ ಎಂದು ಕೇಳಬೇಕು. ಅಂದರೆ ಬಾರ್‌ಕೋಡ್ ಹುಡುಕಿದರೆ ಉತ್ತರ ಯಾವಾಗಲೂ ಪಟ್ಟಿಯೇ ಆಗಿರುತ್ತದೆ, ಒಂದೇ ಸಿಕ್ಕಿದರೂ ಪಟ್ಟಿ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಬರೆಯದಿದ್ದರೆ ಜೋಡಿಸುವವರ ಕೋಡ್ ಪಟ್ಟಿಯ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ₹95 ಎಂದು ಅಚ್ಚಾದ ಪ್ಯಾಕಿಗೆ ₹99 ತಗೊಂಡರೆ ಗಿರಾಕಿ ಸುಮ್ಮನಿರುತ್ತಾರಾ?

ತೂಕದ ಸಾಮಾನಿನ ಕಥೆ ಬೇರೆ. ತೂಕದ ಯಂತ್ರ ಅಂಟಿಸುವ ಚೀಟಿಯಲ್ಲೂ 13 ಅಂಕಿಯೇ ಇರುತ್ತವೆ, ಆದರೆ ಅದು 2ರಿಂದ ಶುರುವಾಗುತ್ತದೆ. 20ರಿಂದ 29ರವರೆಗಿನ ಆರಂಭಗಳನ್ನು ಅಂಗಡಿಯ ಒಳಗಿನ ಬಳಕೆಗೆ ಬಿಟ್ಟುಕೊಡಲಾಗಿದೆ. ಒಂದು ಚೀಟಿ ನೋಡೋಣ:

2100042012509

ಮೊದಲ ಎರಡು ಅಂಕಿ, 21, ‘ಇದು ತೂಕದ ಚೀಟಿ’ ಎನ್ನುತ್ತದೆ. ಮುಂದಿನ ಐದು, 00042, ಬೆಂಡೆಕಾಯಿಯ ಕೋಡ್. ಆಮೇಲಿನ ಐದು, 01250, ಗ್ರಾಂನಲ್ಲಿ ತೂಕ, ಒಂದೂಕಾಲು ಕಿಲೋ. ಕೊನೆಯ 9 ಪರೀಕ್ಷಾ ಅಂಕಿ. ಎಡದಿಂದ ಮೊದಲ ಹನ್ನೆರಡು ಅಂಕಿಗಳನ್ನು 1, 3, 1, 3 ಎಂದು ಗುಣಿಸಿ ಕೂಡಿಸಿ. ಇಲ್ಲಿ 31 ಬರುತ್ತದೆ, ಮುಂದಿನ ಹತ್ತರ ಗುಣಕವಾದ 40 ಆಗಲು 9 ಬೇಕು. ಕೆಲವು ಅಂಗಡಿಗಳಲ್ಲಿ ಯಂತ್ರ ತೂಕದ ಜಾಗದಲ್ಲಿ ಬೆಲೆ ಹಾಕುವಂತೆ ಇಟ್ಟಿರುತ್ತಾರೆ. ಆಗ ಅದೇ 01250 ಅಂದರೆ ₹12.50. ಬೆಂಡೆಕಾಯಿಯನ್ನು ಹನ್ನೆರಡೂವರೆ ರೂಪಾಯಿಗೆ ಮಾರುವುದೋ, ಒಂದೂಕಾಲು ಕಿಲೋ ಎಂದು ಮಾರುವುದೋ ಅನ್ನೋದು ಒಂದು ಸೆಟ್ಟಿಂಗ್ ಮೇಲೆ ನಿಂತಿದೆ. ಆ ಸೆಟ್ಟಿಂಗ್ ಎಲ್ಲಿದೆ ಎಂದು ಹೇಳುವ ಸಾಲು ಈ ಪುಟದಲ್ಲೇ ಇರಬೇಕು, ಬೇರೆ ಕಡೆಗೆ ಕಳಿಸಬೇಡಿ.

ಪ್ರಿಂಟರ್, ಗಲ್ಲಾ, ಕನ್ನಡ ಅಕ್ಷರ

ಟೆಕ್ನಿಷಿಯನ್ ಓದುವ ಪುಟ ಇದು, ಹಾಗಾಗಿ ಚಿಕ್ಕದಾಗಿ, ನೇರವಾಗಿ ಬರೆಯಿರಿ. ಕ್ಯಾಷ್ ಡ್ರಾಯರ್ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಜೋಡಿಸಿರುವುದಿಲ್ಲ, ಅದರ ವೈರ್ ಪ್ರಿಂಟರ್ ಹಿಂದಕ್ಕೆ ಹೋಗುತ್ತದೆ. ಎಪ್ಸನ್‌ನ ಇಎಸ್‌ಸಿ/ಪಿಒಎಸ್ ಆದೇಶ ಅರ್ಥವಾಗುವ ಪ್ರಿಂಟರ್‌ಗೆ 27, 112, 0, 25, 250 ಎಂಬ ಐದು ಬೈಟ್ ಕಳಿಸಿದರೆ ಗಲ್ಲಾ ಟಕ್ ಎಂದು ತೆರೆಯುತ್ತದೆ. ಪ್ರಿಂಟರ್ ಆಫ್ ಆಗಿದ್ದರೆ ತೆರೆಯುವುದಿಲ್ಲ. ಡ್ರಾಯರ್‌ನ ಡ್ರೈವರ್ ಎಲ್ಲಿ ಎಂದು ಅರ್ಧ ದಿನ ಹುಡುಕಿದವರನ್ನು ನಾನು ಬಲ್ಲೆ.

ಕನ್ನಡದಲ್ಲಿ ಬಿಲ್ ಬೇಕು ಎಂದು ಅಂಗಡಿಯವರು ಕೇಳಿದರೆ ಅದಕ್ಕೊಂದು ಪ್ರತ್ಯೇಕ ಭಾಗ ಇಡಿ. ಸಾಮಾನ್ಯ ಥರ್ಮಲ್ ಪ್ರಿಂಟರ್‌ನ ಒಳಗಿನ ಅಕ್ಷರಗಳಲ್ಲಿ ಕನ್ನಡ ಇರುವುದಿಲ್ಲ. ಹಾಗೇ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಸಾಲನ್ನು ಚಿತ್ರವಾಗಿ ಮಾಡಿ ಕಳಿಸಬೇಕು. 80 ಮಿಮೀ ಕಾಗದಕ್ಕೆ ಸಾಮಾನ್ಯವಾಗಿ 576 ಚುಕ್ಕೆ ಅಗಲ, 58 ಮಿಮೀ ಕಾಗದಕ್ಕೆ 384. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಇಟ್ಟರೆ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ‘ಅಕ್ಕಿ’ ಹೋಗಿ ‘ಅಕಿ’ ಆಗುತ್ತದೆ. ಡಾಕ್ಯುಮೆಂಟ್‌ನ ಉದಾಹರಣೆಯಲ್ಲಿ ಬರೀ ‘ಹಾಲು’, ‘ಮೊಸರು’ ಹಾಕಬೇಡಿ. ‘ಸಕ್ಕರೆ’, ‘ಉಪ್ಪು’, ‘ಕೊತ್ತಂಬರಿ’ ಹಾಕಿ, ಆಗ ತಪ್ಪು ತಕ್ಷಣ ಕಾಣುತ್ತದೆ.

ನೆಟ್ ಹೋದಾಗ ಏನಾಗುತ್ತದೆ?

ಕೌಂಟರ್ ಸಾಫ್ಟ್‌ವೇರ್‌ನ ನಿಜವಾದ ಪರೀಕ್ಷೆ ಇಲ್ಲಿ. ಬಿಲ್ ಕಳಿಸಿದಿರಿ, ಸರ್ವರ್‌ಗೆ ತಲುಪಿತು, ಉತ್ತರ ಬರುವ ಮೊದಲು ನೆಟ್ ಹೋಯಿತು. ಬಿಲ್ ತಲುಪಿದ್ದು ಕೌಂಟರ್‌ಗೆ ಗೊತ್ತೇ ಇಲ್ಲ. ಮತ್ತೆ ಕಳಿಸುತ್ತದೆ. ಎರಡು ಬಿಲ್, ಎರಡು ಸಲ ಸ್ಟಾಕ್ ಕಡಿತ.

ಇದಕ್ಕೆ ಮದ್ದು ಐಡೆಂಪೊಟೆನ್ಸಿ ಕೀ. ಪ್ರತಿ ಬಿಲ್ಲಿಗೂ ಒಂದು ಗುರುತು ಹಾಕಿ ಕಳಿಸಿದರೆ, ಅದೇ ಗುರುತು ಎರಡನೇ ಸಲ ಬಂದಾಗ ಸರ್ವರ್ ಹೊಸ ಬಿಲ್ ಮಾಡದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಎಷ್ಟೋ ಡಾಕ್ಯುಮೆಂಟ್‌ಗಳು ಇಷ್ಟು ಹೇಳಿ ನಿಲ್ಲಿಸುತ್ತವೆ. ಓದುವವರಿಗೆ ಬೇಕಾದ್ದು ಇದರ ಆಚೆಗೆ ಇದೆ. ಕೀಯನ್ನು ಯಾವಾಗ ಮಾಡಬೇಕು? ಮೊದಲ ಸಲ ಕಳಿಸುವ ಮುಂಚೆ. ಎಲ್ಲಿ ಇಡಬೇಕು? ಡಿಸ್ಕ್‌ನಲ್ಲಿ, ಯಾಕೆಂದರೆ ಕರೆಂಟ್ ಹೋದರೆ ಮೆಮೊರಿ ಖಾಲಿ. ಸರ್ವರ್ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ? ಅದೇ ಕೀ, ಒಳಗಿನ ಸಾಮಾನು ಬೇರೆ ಇದ್ದರೆ ಏನು ಉತ್ತರ? ನಿಮ್ಮ ಡೆವಲಪರ್‌ಗಳಿಗೇ ಈ ನಾಲ್ಕು ಪ್ರಶ್ನೆ ಕೇಳಿ ನೋಡಿ. ಇಬ್ಬರು ಎರಡು ಉತ್ತರ ಕೊಟ್ಟರೆ, ಡಾಕ್ಯುಮೆಂಟ್ ಬರೆಯುವ ಮೊದಲು ಸರಿಮಾಡಬೇಕಾದ್ದು ಸಾಫ್ಟ್‌ವೇರೇ.

ಬಿಲ್ ನಂಬರ್ ಕೂಡ ಇಲ್ಲೇ ಬರುತ್ತದೆ. ಜಿಎಸ್‌ಟಿ ನಿಯಮದಂತೆ ಅದು 16 ಅಕ್ಷರ ಮೀರಬಾರದು, ಕ್ರಮವಾಗಿ ಬರಬೇಕು, ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ನೆಟ್ ಇಲ್ಲದ ಎರಡು ಕೌಂಟರ್‌ಗಳು ಒಂದೇ ನಂಬರ್ ಕೊಟ್ಟುಕೊಂಡರೆ? ಅದಕ್ಕೇ ಪ್ರತಿ ಕೌಂಟರ್‌ಗೂ ಬೇರೆ ಸರಣಿ. ಮೂರನೇ ಕೌಂಟರ್‌ನ ಬಿಲ್ ಸಿ3/2627/000481 (2627 ಅಂದರೆ 2026–27ನೇ ವರ್ಷ) ಎಂದಿದ್ದರೆ 14 ಅಕ್ಷರ, ಸರಿಹೋಯಿತು. ಹಾಗೇ ಸಮಯಕ್ಕೆ ಎರಡು ಫೀಲ್ಡ್ ಇರಲಿ, ಬಿಲ್ ಆದ ಹೊತ್ತು ಮತ್ತು ಸರ್ವರ್‌ಗೆ ತಲುಪಿದ ಹೊತ್ತು. ಮಾರ್ಚ್ 31ರ ರಾತ್ರಿ 9:50ಕ್ಕೆ ಆದ ಬಿಲ್ ಏಪ್ರಿಲ್ 1ರ ಬೆಳಗ್ಗೆ ತಲುಪಿದರೂ ಅದು ಹಳೆಯ ವರ್ಷದ್ದೇ.

ಯುಪಿಐಗೆ ‘ಆಯಿತು’, ‘ಆಗಲಿಲ್ಲ’ ಎಂಬ ಎರಡೇ ಸ್ಥಿತಿ ಬರೆಯಬೇಡಿ. ‘ಇನ್ನೂ ಗೊತ್ತಿಲ್ಲ’ ಎಂಬ ಮೂರನೆಯದೇ ಕೌಂಟರ್‌ನಲ್ಲಿ ಜಗಳ ತರುವುದು. ಗಿರಾಕಿಯ ಫೋನ್ ‘ಕಟ್ ಆಯ್ತು’ ಎನ್ನುತ್ತದೆ, ಕೌಂಟರ್‌ಗೆ ಸುದ್ದಿಯಿಲ್ಲ. ಎಷ್ಟು ಸೆಕೆಂಡ್ ಕಾಯಬೇಕು, ಮತ್ತೆ ಯಾವ ಎಪಿಐ ಕರೆಯಿಂದ ಕೇಳಬೇಕು, ಆಮೇಲೆ ಬಿಲ್ಲನ್ನು ಹೋಲ್ಡ್‌ನಲ್ಲಿ ಇಡಬೇಕೇ ಎಂದು ಹಂತಹಂತವಾಗಿ ಬರೆಯಿರಿ.

ಎರರ್ ಪುಟ

ಎರರ್‌ಗಳ ರೂಪಕ್ಕೆ 2023ರಲ್ಲಿ ಬಂದ ಆರ್‌ಎಫ್‌ಸಿ 9457 ಎಂಬ ಮಾದರಿ ಇದೆ, ಅದನ್ನೇ ಹಿಡಿಯಿರಿ. ಅದಕ್ಕೆ ನಾನು ಒಂದು ಕಾಲಂ ಸೇರಿಸುತ್ತೇನೆ: ಕ್ಯಾಷಿಯರ್‌ಗೆ ಏನು ಹೇಳಬೇಕು. ಹೀಗೆ:

409, ಈ ಬಿಲ್ ನಂಬರ್ ಆಗಲೇ ಇದೆ. ಕಾರಣ: ಕೌಂಟರ್ ಕಂಪ್ಯೂಟರ್ ಬದಲಾಯಿಸಿದಾಗ ಸರಣಿ ಹಿಂದಕ್ಕೆ ಹೋಗಿದೆ. ಡೆವಲಪರ್: ಕೊನೆಯ ನಂಬರ್ ಸರ್ವರ್‌ನಿಂದ ಕೇಳಿ ಮುಂದುವರಿಸಿ, ಅದೇ ನಂಬರ್ ಮತ್ತೆ ಕಳಿಸಬೇಡಿ. ಕ್ಯಾಷಿಯರ್‌ಗೆ: ‘ಬಿಲ್ ಹೋಲ್ಡ್ ಮಾಡಿ, ಪಕ್ಕದ ಕೌಂಟರ್‌ನಲ್ಲಿ ಮಾಡಿಸಿ.’

ಇಂಥ ನಲವತ್ತು ಎಂಟ್ರಿ ಬರೆಯುವುದು ಬೇಜಾರಿನ ಕೆಲಸ. ಆದರೆ ಸಪೋರ್ಟ್‌ಗೆ ಬರುವ ಫೋನ್ ಕಡಿಮೆಯಾಗುವುದು ಈ ಪುಟದಿಂದಲೇ.

ಉಳಿದದ್ದು, ಮತ್ತು ವೇಳಾಪಟ್ಟಿ

ಎಲ್ಲ ಫೀಲ್ಡ್‌ಗಳ ಉದ್ದನೆಯ ಪಟ್ಟಿಯನ್ನು ಕೈಯಲ್ಲಿ ಬರೆಯಬೇಡಿ. ಓಪನ್‌ಎಪಿಐ ಫೈಲ್‌ನಿಂದ (ಎಪಿಐನ ವಿವರವನ್ನು ಕಂಪ್ಯೂಟರ್ ಓದುವಂತೆ ಬರೆದ ಫೈಲ್) ತಾನಾಗಿ ಹುಟ್ಟಲಿ. ಕೋಡ್ ಬದಲಾದಾಗ ಅದೂ ಬದಲಾಗುತ್ತದೆ. ಆದರೆ ಪ್ರತಿ ಫೀಲ್ಡ್‌ನ ವಿವರಣೆಯನ್ನು ಮನುಷ್ಯರೇ ಬರೆಯಬೇಕು, ‘ಕ್ವಾಂಟಿಟಿ: ಸಂಖ್ಯೆ’ ಕಥೆ ಮತ್ತೆ ಆಗಬಾರದಲ್ವಾ. ಬದಲಾವಣೆಗಳ ಪುಟವೂ ಬೇಕು, ತಾರೀಖಿನ ಜೊತೆ. ಹಳೆಯದನ್ನು ನಿಲ್ಲಿಸುವ ದಿನವನ್ನು ದೀಪಾವಳಿಗೆ ಹತ್ತಿರ ಇಡಬೇಡಿ.

ಒಬ್ಬರೇ ಬರೆಯುವುದಾದರೆ ನಾನು ಆರು ವಾರ ಕೇಳುತ್ತೇನೆ. ಮೊದಲ ವಾರ ಕೌಂಟರ್ ಮತ್ತು ಪದಪಟ್ಟಿ. ಎರಡನೇ ವಾರ ಮೊದಲ ಬಿಲ್ಲಿನ ಪುಟ. ಮೂರು, ನಾಲ್ಕನೇ ವಾರ ಹಣ, ಬಾರ್‌ಕೋಡ್, ಆಫ್‌ಲೈನ್‌ಗೆ. ಐದನೇ ವಾರ ಎರರ್ ಮತ್ತು ಪ್ರಿಂಟರ್. ಆರನೇ ವಾರ ಬರೆಯುವುದಿಲ್ಲ, ನೋಡುತ್ತೇನೆ.

ನೋಡುವುದು ಅಂದರೆ, ಈ ಎಪಿಐ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ‘ಮೂರು ಸೋಪು, ಒಂದೂಕಾಲು ಕಿಲೋ ಬೆಂಡೆಕಾಯಿ ಬಿಲ್ ಮಾಡಿ, ಒಂದು ಸೋಪು ವಾಪಸ್ ತಗೊಳ್ಳಿ’ ಎಂದು ಹೇಳುವುದು. ಆಮೇಲೆ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು. ಇದು ಕಷ್ಟ, ಉತ್ತರ ಬಾಯಿ ತುದಿಗೆ ಬರುತ್ತದೆ. ಹೇಳಬೇಡಿ. ಅವರು ಎಲ್ಲಿ ಸ್ಕ್ರಾಲ್ ಮಾಡುತ್ತಾ ನಿಂತರು, ಯಾವ ಪದ ಹುಡುಕಿ ಸಿಗಲಿಲ್ಲ, ಎಲ್ಲಿ ‘ಅಯ್ಯೋ’ ಅಂದರು ಎಂದು ಗುರುತು ಹಾಕಿಕೊಳ್ಳಿ. ಹೋದ ಸಲ ನಾನು ಕೂತಾಗ ಹುಡುಗಿಯೊಬ್ಬಳು ಹುಡುಕುವ ಜಾಗದಲ್ಲಿ ‘ರಿಟರ್ನ್’ ಎಂದು ಟೈಪ್ ಮಾಡಿದಳು, ಏನೂ ಸಿಗಲಿಲ್ಲ. ನಾವು ಆ ಪುಟಕ್ಕೆ ‘ಕ್ರೆಡಿಟ್ ನೋಟ್’ ಎಂದು ಹೆಸರಿಟ್ಟಿದ್ದೆವು. ಅವತ್ತು ಸಂಜೆಯೇ ಬದಲಾಯಿಸಿದೆ.